ಎಲೆಯ ತುದಿ ಎತ್ತ ಕಡೆ

ಸರ್ಕಾರ ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ನಾನು ಏನು ಎಂಬುದನ್ನು ನೋಡಿ ಅಲ್ಲ, ಏನಲ್ಲ ಎಂಬುದನ್ನು ನೋಡಿ. ಆದೇಶದಲ್ಲಿ ಹುದ್ದೆಯ ಹೆಸರು ‘ನಾನ್ ಮೆಡಿಕಲ್ ಅಸಿಸ್ಟೆಂಟ್’ ಎಂದಿತ್ತು. ವೈದ್ಯನಲ್ಲದ ಸಹಾಯಕ. ಕೊಡ್ಲಿಪೇಟೆಯ ಮನೆಯ ಜಗಲಿಯಲ್ಲಿ ಕುಳಿತು ನಮ್ಮ ತಂದೆ ಅದರ ಅರ್ಥ ಕೇಳಿ ತಿಳಿದುಕೊಂಡು, “ವೈದ್ಯರಲ್ಲದೋರು ಈ ಊರಲ್ಲಿ ಎಲ್ರೂ ಅವ್ರೆ ಕಣಪ್ಪ. ನಿನಗೊಬ್ಬನಿಗೇ ಸಂಬಳ ಯಾಕೆ ಕೊಡ್ತಾರೆ?” ಎಂದರು. ನಿವೃತ್ತನಾಗುವವರೆಗೂ ಆ ಪ್ರಶ್ನೆಗೆ ನನ್ನಿಂದ ತೃಪ್ತಿಕರವಾದ ಉತ್ತರ ಕೊಡಲಾಗಲಿಲ್ಲ.

ಕೊಡಗು ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿತ್ತು. ಕಚೇರಿಗಳ ನಾಮಫಲಕದ ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ನನ್ನನ್ನು ಸುಂಟಿಕೊಪ್ಪಕ್ಕೆ ಹಾಕಿ ಒಂದು ಸೈಕಲ್ಲು, ಒಂದು ಚೀಲ, ಚೀಲದಲ್ಲಿ ಬಿಳಿ ಮಾತ್ರೆಯ ಡಬ್ಬ, ಗುಂಡುಸೂಜಿ ಮತ್ತು ಒಂದು ಕೋಳಿಗರಿ ಕೊಟ್ಟರು. ಕುಷ್ಠರೋಗದ ವಿರುದ್ಧ ಸರ್ಕಾರ ಸಾರಿದ ಯುದ್ಧಕ್ಕೆ ನನ್ನ ಪಾಲಿನ ಆಯುಧಗಳು ಇಷ್ಟೇ.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಬಂದು “ಆಗ ಹೇಗಿತ್ತು ಸಾರ್?” ಎಂದು ಕೇಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಇದರಲ್ಲಿ ಇಲ್ಲ. ಅದು ಬಂದಾಗ ನನಗೆ ಕನ್ನಡಕ ಬಂದಿತ್ತು, ಆದೇಶವನ್ನು ಸರಿಯಾಗಿ ಓದಲು ಅನುಕೂಲವಾಯಿತು ಎಂದಷ್ಟೇ ಹೇಳಬಹುದು.

ಕೆಲಸ ಹೀಗಿತ್ತು. ಊರೂರು, ಎಸ್ಟೇಟಿನ ಕೂಲಿಮನೆಗಳ ಲೈನು ಲೈನು ತಿರುಗಿ ಜನರ ಮೈಮೇಲಿನ ಬಿಳಿಚಿದ ಮಚ್ಚೆ ನೋಡಬೇಕು. ಕಣ್ಣು ಮುಚ್ಚಿಸಿ ಕೋಳಿಗರಿಯಿಂದ ಮೈ ಸವರಿ “ಎಲ್ಲಿ ಮುಟ್ಟಿದೆ, ಬೆರಳಿಟ್ಟು ತೋರಿಸಿ” ಎನ್ನಬೇಕು. ರೋಗವಿಲ್ಲದವರು ಕಚಗುಳಿಯಾಗಿ ನಗುತ್ತಾರೆ. ರೋಗವಿರುವ ಜಾಗದಲ್ಲಿ ಗರಿ ಆಡಿದರೆ ಅವರಿಗೆ ತಿಳಿಯುವುದಿಲ್ಲ. ಕಣ್ಣು ಮುಚ್ಚಿಕೊಂಡೇ, ಸೌಜನ್ಯದಿಂದ, “ಇನ್ನೂ ಮುಟ್ಟಿಲ್ವಾ ಸಾರ್?” ಎಂದು ಕೇಳುತ್ತಾರೆ. ಎಷ್ಟೋ ಮಂದಿಯ ಬಾಳು ಆ ಒಂದು ಪ್ರಶ್ನೆಯಲ್ಲಿ ಎರಡಾಗಿ ಸೀಳಿದ್ದನ್ನು ಕಂಡಿದ್ದೇನೆ. ಗರಿಯನ್ನು ಚೀಲಕ್ಕೆ ಹಾಕಿ, ಗಂಟಲು ಸರಿಮಾಡಿಕೊಂಡು, ಮುಂದಿನ ಮಾತು ಹೇಗೆ ಹೇಳಬೇಕು ಎಂಬುದನ್ನು ತರಬೇತಿಯಲ್ಲಿ ಕಲಿಸಿರಲಿಲ್ಲ.

ರೋಗದ ಹೆಸರನ್ನು ಊರಿನಲ್ಲಿ ಎತ್ತುವಂತಿರಲಿಲ್ಲ. ಎತ್ತಿದರೆ ಆ ಮನೆಯ ಹೆಣ್ಣುಮಕ್ಕಳಿಗೆ ಮದುವೆ ನಿಲ್ಲುತ್ತಿತ್ತು, ಬಾವಿಯ ನೀರು ನಿಲ್ಲುತ್ತಿತ್ತು. ಆದ್ದರಿಂದ ನಾನು ಹುಳುಕಡ್ಡಿ, ಕಜ್ಜಿ ನೋಡುವವನೆಂದು ಹೇಳಿಕೊಂಡು ತಿರುಗುತ್ತಿದ್ದೆ. ಜನ ನನ್ನನ್ನು ‘ಹುಳುಕಡ್ಡಿ ಸಾರ್’ ಎಂದೇ ಕರೆಯುತ್ತಿದ್ದರು. ಒಮ್ಮೆ ಬಾಳೆಲೆ ಎಂಬ ಊರಿನ ಕಡೆ ಬದಲಿ ಕೆಲಸಕ್ಕೆ ಹೋದಾಗ ತೋಟದ ಯಜಮಾನರೊಬ್ಬರು ಬಹಳ ಮರ್ಯಾದೆಯಿಂದ ಕುರ್ಚಿ ಹಾಕಿಸಿ, ಕಾಫಿ ಕೊಡಿಸಿ, ಆಮೇಲೆ ತಮ್ಮ ಬೇಟೆನಾಯಿಯನ್ನು ತಂದು ನನ್ನ ಮುಂದೆ ನಿಲ್ಲಿಸಿದರು. ನಾಯಿಗೆ ಹುಳುಕಡ್ಡಿ. ನಾನು ಮುಲಾಮು ಹಚ್ಚಿದೆ. ನಾಯಿ ಗುಣವಾಯಿತು. ನನ್ನ ಸೇವಾವಧಿಯಲ್ಲಿ ಸಂಪೂರ್ಣವಾಗಿ ಗುಣವಾದ ಮೊದಲ ರೋಗಿ ಅದೇ.

ನಮ್ಮ ಮೇಲಧಿಕಾರಿ ಹಳೇ ಮೈಸೂರಿನ ಕಡೆಯಿಂದ ಬಂದ ಡಾಕ್ಟರು. ಕೋಟು, ಪೇಟ, ಬೆತ್ತ ಮೂರನ್ನೂ ಬಿಡದವರು. ಮಡಿಕೇರಿಯ ಚಳಿಯನ್ನು ಇಲಾಖೆ ತಮಗೆ ಕೊಟ್ಟ ಶಿಕ್ಷೆಯೆಂದು ತಿಳಿದಿದ್ದರು. ಅವರದು ಒಂದೇ ಕಟ್ಟಳೆ: “ರೋಗಿ ಮನೆಯಲ್ಲಿ ಕೊಟ್ಟ ಕಾಫಿ ಕುಡೀಬೇಕು ಕಣಯ್ಯಾ. ಕುಡಿಯೋ ಧೈರ್ಯ ಇಲ್ಲದವನು ರೋಗ ಅಂಟಲ್ಲ ಅಂತ ಭಾಷಣ ಮಾಡಕೂಡದು.” ಮೊದಲ ಲೋಟ ಕುಡಿದ ದಿನ ಮನೆಗೆ ಬಂದು ನಾನು ಬಾಯಿಯನ್ನು ಎಷ್ಟು ಸಲ ಮುಕ್ಕಳಿಸಿದೆನೆಂದು ಬರೆದರೆ ನೀವು ನಗುತ್ತೀರಿ. ಆಮೇಲೆ ರೂಢಿಯಾಯಿತು, ಬರಬರುತ್ತ ಹಾಲು ಜಾಸ್ತಿ ಹಾಕಿ ಎಂದು ಹೇಳುವಷ್ಟು ಸಲಿಗೆಯೂ ಬಂತು.

ಹಿಂದೆ ಈ ರೋಗಕ್ಕೆ ಗರುಡಫಲದ ಎಣ್ಣೆಯನ್ನು ಸೂಜಿಯಲ್ಲಿ ಚುಚ್ಚುತ್ತಿದ್ದರು. ನೋವು ತಾಳದೆ ರೋಗಿಗಳು ಗೋಡೆ ಹಾರಿ ಓಡುತ್ತಿದ್ದರಂತೆ. ನಮ್ಮ ಕಾಲಕ್ಕೆ ಬಿಳಿ ಮಾತ್ರೆ ಬಂತು. ವರ್ಷಗಟ್ಟಲೆ ನುಂಗಿದರೆ ರೋಗ ನಿಲ್ಲುತ್ತದೆ. ಹೋದ ಸ್ಪರ್ಶ, ಮಡಿಚಿದ ಬೆರಳು ಮಾತ್ರ ಬರುವುದಿಲ್ಲ. “ನಿಲ್ಲಿಸೋದು ನಮ್ಮ ಕೆಲಸ. ಹೋದದ್ದನ್ನು ವಾಪಸ್ ಕೊಡೋದು ಬೇರೆ ಇಲಾಖೆ,” ಎಂದು ಡಾಕ್ಟರು ಬೆತ್ತವನ್ನು ಮೇಲಕ್ಕೆ ತೋರಿಸುತ್ತಿದ್ದರು. ಆ ಇಲಾಖೆಯ ಕಾರ್ಯವೈಖರಿ ಕುರಿತು ಆಗ ನನಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಅರ್ಜಿಗಳು ರಾಶಿ ಬಿದ್ದಿವೆ, ವಿಲೇವಾರಿ ಕಾಣುವುದಿಲ್ಲ ಎಂಬುದು ನನ್ನ ದೂರು.

ಹೇಳಬೇಕೆಂದು ಹೊರಟದ್ದು ಕುಶಾಲಪ್ಪನ ಕಥೆ.

ಸುಂಟಿಕೊಪ್ಪದಿಂದ ಒಳಗೆ ಒಂದು ಎಸ್ಟೇಟು. ಲೈನುಗಳಲ್ಲಿ ನೋಡಿ ಮುಗಿಸಿ, ಕಾಫಿ ಒಣಹಾಕುವ ಕಣದ ಕಡೆಗೆ ಸೈಕಲ್ಲು ತಿರುಗಿಸಿದಾಗ ಮೇಸ್ತ್ರಿ ಅಡ್ಡ ಬಂದ. ತಮಿಳು ಮನೆಮಾತಿನವನು. “ಅಲ್ಲಿ ಬೇಡ ಸಾರ್. ಅಂದ... ಆ ವಾಚರ್ ಮಂತ್ರ ಗೊತ್ತಿರೋ ಆಳು. ಉರಿಯೋ ಒಲೆ ಮೇಲಿಂದ ಪಾತ್ರೆ ಬರಿಗೈಲಿ ಇಳಿಸ್ತಾನೆ. ಸುಡೋದೇ ಇಲ್ಲೆ!” ಎಂದ.

ನಾನು ಸೈಕಲ್ಲನ್ನು ಅಲ್ಲೇ ಒರಗಿಸಿ ಚೀಲವನ್ನು ಹೆಗಲಿಗೆ ಹಾಕಿಕೊಂಡೆ. ಆ ಮಂತ್ರ ನನಗೂ ಗೊತ್ತಿತ್ತು.

ಕಣದ ಅಂಚಿನಲ್ಲಿ ಹುಲ್ಲಿನ ಗುಡಿಸಲು. ನಲವತ್ತರ ಆಸುಪಾಸಿನ ಗಂಡಸು, ಅರುವತ್ತರ ಮುಖ. ನನ್ನನ್ನು ಕಂಡು ಬೆಲ್ಲದ ಕಾಫಿ ಕಾಯಿಸಿ, ಕುದಿಯುವ ಪಾತ್ರೆಯನ್ನು ಅಂಗೈಯಲ್ಲೇ ಹಿಡಿದು ಇಳಿಸಿದ. ಕಿರುಬೆರಳು, ಉಂಗುರ ಬೆರಳು ಒಳಕ್ಕೆ ಮಡಿಚಿದ್ದವು. ಅಂಗೈಯ ತುಂಬ ಹಳೆಯ ಸುಟ್ಟ ಗಾಯದ ಕಲೆ. ಕಾಫಿಯನ್ನು ನನ್ನಿಂದ ಬಹಳ ದೂರದಲ್ಲಿ, ನೆಲದ ಮೇಲಿಟ್ಟ. ನಾನು ಎದ್ದು ಹೋಗಿ ತೆಗೆದುಕೊಂಡು ಕುಡಿದೆ. ಅವನು ನಾನು ನುಂಗುವುದನ್ನೇ ನೋಡುತ್ತಿದ್ದ.

“ಹೆಸರೇನು?” ಎಂದೆ.

“ಹೆಸ್ರಿದ್ದವ ಸತ್ತ್ ಹೋದ. ನಾ ವಾಚರ್.”

“ಸತ್ತು ಎಷ್ಟು ವರ್ಷ ಆಯ್ತು?”

“ಒಂಬತ್ತು ವರ್ಷ ಆತ್. ತಿಥಿ ಎಲ್ಲ ಆಗುಟ್ಟು. ಒಳ್ಳೆ ಊಟ ಹಾಕ್ದೊ ಅಂತ ಕೇಳ್ದೆ.”

ಹೀಗೆ ನನಗೂ ಒಬ್ಬ ಮೃತನಿಗೂ ಪರಿಚಯವಾಯಿತು. ಮಾತಿನಿಂದಲೇ ಅವನು ಅರೆಭಾಷೆಯ ಗೌಡರ ಮನೆಯವನೆಂದು ತಿಳಿಯಿತು. ಪೂರ್ತಿ ಕಥೆ ಹೊರಬರಲು ಒಂದು ಮಳೆಗಾಲ ಹಿಡಿಯಿತು. ಮಾತ್ರೆ ಕೊಡಲು ಹೋದಾಗಲೆಲ್ಲ ಒಂದಿಷ್ಟು, ಒಂದಿಷ್ಟು.

ಮನೆ ಪಡುವಣ ಕೊಡಗಿನಲ್ಲಿ, ಕಾವೇರಿ ಹೊಳೆಯ ದಂಡೆಯ ಊರು. ಅಣ್ಣ ಸೋಮಯ್ಯ ಮನೆಯ ಯಜಮಾನ. ಅಣ್ಣನಿಗೆ ಮೂವರು ಹೆಣ್ಣುಮಕ್ಕಳು. ಕುಶಾಲಪ್ಪನಿಗೆ ಮದುವೆಯಾಗಿ, ಮಕ್ಕಳಾಗುವ ಮೊದಲೇ ಬೆನ್ನ ಮೇಲೆ ಮಚ್ಚೆ ಬಂತು, ಆಮೇಲೆ ಬೆರಳು ಮಡಿಚಿತು. ಯಾರೂ ಅವನನ್ನು ಮನೆ ಬಿಟ್ಟು ಹೋಗೆನ್ನಲಿಲ್ಲ. ದೊಡ್ಡ ಹುಡುಗಿಯನ್ನು ನೋಡಲು ಬಂದವರು ಜಗಲಿಯಲ್ಲಿ ಅವನ ಕೈ ಕಂಡು, ನೀರನ್ನೂ ಕುಡಿಯದೆ ಎದ್ದು ಹೋದರು. ಆ ಮಳೆಗಾಲ ಹೊಳೆ ತುಂಬಿ ಬಂದ ದಿನ ಕುಶಾಲಪ್ಪ ಅಂಗಿ, ಕಂಬಳಿ ಎರಡನ್ನೂ ದಂಡೆಯ ಕಲ್ಲಿನ ಮೇಲಿಟ್ಟು, ಇನ್ನೊಂದು ದಾರಿ ಹಿಡಿದು ನಡೆದ. ಊರು ನಂಬಿತು. ಅಣ್ಣ ಹುಲ್ಲಿನ ದೇಹ ಮಾಡಿ ಸುಟ್ಟು, ತಿಥಿ ಮಾಡಿದ. ಹುಡುಗಿಗೆ ಮದುವೆಯಾಯಿತು. ಎಲ್ಲವೂ ಕುಶಾಲಪ್ಪ ಎಣಿಸಿದಂತೆಯೇ ನಡೆಯಿತು.

“ಹೆಂಡತಿ?” ಎಂದು ಕೇಳಿದೆ.

ಅವನು ಕಣದಲ್ಲಿ ಕಾಫಿ ಕೆದಕುವ ಹಲಗೆಯನ್ನು ಎತ್ತಿಕೊಂಡು ಹೋದ.

ಮಾತ್ರೆ ಕೆಲಸ ಮಾಡಿತು. ಎರಡು ವರ್ಷ ಕಳೆದ ಮೇಲೆ ಡಾಕ್ಟರು ಅವನ ಕಿವಿಯ ಹಾಲೆಯನ್ನು ಕೆರೆದು ತೆಗೆದ ರಸವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿ, “ಇವನಿಂದ ಯಾರಿಗೂ ಅಂಟೋ ಭಯ ಇಲ್ಲ ಕಣಯ್ಯಾ. ಮನೆಗೆ ಕಳಿಸು,” ಎಂದರು.

“ಸಾರ್, ಮನೆಯಲ್ಲಿ ಅವನು ಸತ್ತಿದ್ದಾನೆ.”

“ಅದು ನಮ್ಮ ಸೂಕ್ಷ್ಮದರ್ಶಕದಲ್ಲಿ ಕಾಣಲ್ಲ,” ಎಂದರು ಡಾಕ್ಟರು.

ಕುಶಾಲಪ್ಪನಿಗೆ ಹೇಳಿದೆ. ಅವನು “ಬೊತ್ತು” ಎಂದ. ಬೇಡ ಎನ್ನಲು ಅವರ ಮಾತು ಅದು. ಎಷ್ಟು ವಾದಿಸಿದರೂ ಆ ಒಂದೇ ಮಾತು. ಕಡೆಗೆ, “ಹನ್ನೊಂದು ವರ್ಷ ಸತ್ತವ ಈಗ ಹೋಗಿ ಕದ ತಟ್ಟಿರೆ ಎಂತ ಸಾರ್? ಅಣ್ಣನ ಕಡೇ ಗೂಡೆಗೆ, ಸಣ್ಣ ಮಗ್ಳಿಗೆ, ಮದ್ವೆ ಆಕು. ಅವ್ಳೂ... ನನ್ನ ಹೆಂಡ್ತಿ, ಅತ್ತು ಮುಗ್ಸಿಯೊಳೊ. ಮುಗ್ದದ್ದ್‌ನ ಪುನಃ ಸುರು ಮಾಡಿಕೆ ನಾ ಯಾರ್? ನೀವು ಯಾರ್‌ಗೂ ಹೇಳಿಕೆ ಆಗದ್. ಆಣೆ ಹಾಕಿ,” ಎಂದ. ಆಣೆ ಹಾಕಿದೆ. ಗುಟ್ಟು ಕಾಯುವುದು ನಮ್ಮ ಕೆಲಸದ ಮೊದಲ ನಿಯಮ, ಆಣೆ ಹಾಕಿದ್ದು ಹೆಚ್ಚುವರಿ ಸೇವೆ.

ಆದರೂ ಆ ಮನೆಯಲ್ಲಿ ಬೇರೆ ಯಾರಿಗಾದರೂ ರೋಗ ಹತ್ತಿದೆಯೇ ಎಂದು ನೋಡಬೇಕಾದದ್ದು ನನ್ನ ಕರ್ತವ್ಯವಾಗಿತ್ತು. ಹುಳುಕಡ್ಡಿಯ ನೆಪ ಹಿಡಿದು ಹೋದೆ. ಹೋದ ದಿನ ಆ ಮನೆಯಲ್ಲಿ ಹಿರಿಯರಿಗೆ ಬಡಿಸುವ ದಿನ. ವರ್ಷಕ್ಕೊಮ್ಮೆ ಮನೆಯಲ್ಲಿ ಸತ್ತವರಿಗೆಲ್ಲ ಒಳಕೋಣೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ, ಅನ್ನ, ಕೋಳಿಸಾರು, ಸಾರಾಯಿ ಎಲ್ಲ ಇಟ್ಟು, ಬಾಗಿಲು ಮುಚ್ಚಿ ಹೊರಗೆ ಕೂರುತ್ತಾರೆ. ಹಿರಿಯರು ಯಾರ ಕಣ್ಣೂ ಬೀಳದೆ ಊಟ ಮಾಡಲಿ ಎಂಬ ಮರ್ಯಾದೆ. ಸ್ವಲ್ಪ ಹೊತ್ತು ಕಳೆದ ಮೇಲೆ ಯಜಮಾನ ಕೆಮ್ಮಿ ಸೂಚನೆ ಕೊಟ್ಟು ಬಾಗಿಲು ತೆರೆಯುತ್ತಾನೆ. ಬದುಕಿದವರಿಗೆ ಹಾಕುವ ಎಲೆಯ ತುದಿ ಎಡಕ್ಕಿರಬೇಕು, ಸತ್ತವರ ಎಲೆಯ ತುದಿ ಬಲಕ್ಕೆ. ಇದು ಆ ಮನೆಯ ಕಟ್ಟು.

ಸೋಮಯ್ಯ ದೊಡ್ಡ ಮೀಸೆಯ, ಸಣ್ಣ ದನಿಯ ಮನುಷ್ಯ. ನನ್ನನ್ನು ಜಗಲಿಯಲ್ಲಿ ಕೂರಿಸಿ, “ಊಟ ಮಾಡಿಯೇ ಹೋಕು. ಹುಳುಕಡ್ಡಿ ಎಲ್ಲಿಗೂ ಓಡ್ದುಲೆ,” ಎಂದರು. ತೆರೆದ ಬಾಗಿಲಿನಿಂದ ಒಳಕೋಣೆ ಕಾಣುತ್ತಿತ್ತು. ಬಳೆಯಿಲ್ಲದ ಕೈಯ ಹೆಂಗಸೊಬ್ಬರು ಎಲೆ ಹಾಕುತ್ತಿದ್ದರು. ತೆಳ್ಳನೆಯ ಮೈ, ನೆಟ್ಟಗಿನ ಬೆನ್ನು. ಸೋಮಯ್ಯ ಎದ್ದು ಹೋಗಿ ಸಾಲನ್ನು ನೋಡಿ ನಿಂತರು.

“ಪೂವಕ್ಕಾ, ಈ ವರ್ಷನೂ ಕುಶಾಲನ ಎಲೆ ತಿರ್ಗಿ ಬಿದ್ದುಟ್ಟಲ್ಲಾ?”

“ಕೈ ತಪ್ಪಿ ಹೋತ್ ಭಾವ,” ಎಂದರು ಆಕೆ. ಎಲೆಯನ್ನು ಸರಿಮಾಡಲಿಲ್ಲ.

ಸೋಮಯ್ಯ ಬಗ್ಗಿ, ತಾವೇ ಎಲೆಯನ್ನು ತಿರುಗಿಸಿದರು. ಹೊರಗೆ ಬಂದು ನನ್ನ ಪಕ್ಕದಲ್ಲಿ ಕುಳಿತು, ನಾನು ಕೇಳದಿದ್ದರೂ, “ತಮ್ಮನ ಹೆಂಡ್ತಿ. ಹೊಳೆ ಅವನ್ನ ತಕಂಡ್ ಹೋತ್. ಅವ್ಳ್ ಹತ್ತು ಎಲೆ ಸರಿ ಹಾಕಿದೆ, ಅವಂದ್ ಒಂದ್ ಮಾತ್ರ ವರ್ಷವೂ ಕೈ ತಪ್ಪಿದೆ. ನಾ ತಿರ್ಗ್ಸಿದೆ. ನಾವಿಬ್ರು ಹಿಂಗೇ ಒಂದ್ ದಿನ ಮುದ್ಕ ಆದವು,” ಎಂದರು.

ಬಾಗಿಲು ಮುಚ್ಚಿದರು. ಒಳಗೆ ಸತ್ತವರು ಊಟ ಮಾಡುತ್ತಿದ್ದರು. ಅವರ ಪೈಕಿ ಒಬ್ಬನಿಗೆ ಆ ಹೊತ್ತಿನಲ್ಲಿ ಸುಂಟಿಕೊಪ್ಪದ ಹತ್ತಿರದ ಕಣದಲ್ಲಿ ಬೆಲ್ಲದ ಕಾಫಿಯೇ ಊಟ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಊಟವಾದ ಮೇಲೆ ಕೈತೊಳೆಯಲು ನೀರು ಕೊಟ್ಟದ್ದು ಪೂವಕ್ಕನೇ. ನಾನು ಸುಮ್ಮನಿರಲಾರದೆ, “ನಿಮ್ಮ ಯಜಮಾನರು ಬದುಕಿದ್ದಾರೆ ಅಂತ ನಿಮಗೆ ಅನಿಸುತ್ತದಾ?” ಎಂದೆ. ಆಕೆ ಅಕ್ಕಪಕ್ಕ ನೋಡಿ, “ಕಲ್ಲಿನ ಮೇಲೆ ಅಂಗಿ ಮಡ್ಸಿ ಇಟ್ಟಿದ್ದೊ ಸಾರ್. ಮನೇಲಿ ಒಂದ್ ದಿನ ಮಡ್ಸಿದ ಜನ ಅಲ್ಲ. ಸಾಯಿಕೆ ಹೋಗುವ ಜನ ಮಡಿಸಿದಾ? ಬೇರೆಯವ್ಕೆ ತೊಂದ್ರೆ ಆಗದ್ ಅಂತ ಹೋಗುವ ಜನ ಮಡ್ಸಿದೆ,” ಎಂದರು. ಆಮೇಲೆ, ಗಂಡನನ್ನು ಅವರ ಮಾತಿನ ಗೌರವದಂತೆ ‘ಅವು’ ಎನ್ನುತ್ತ, “ಕಾವೇರಮ್ಮನ ಹತ್ರ ವಾಪಸ್ ಕೊಡ್ ಅಂತ ನಾ ಕೇಳಿಲ್ಲೆ. ನಿನ್ನ ಹತ್ರ ಇದ್ದರೆ ಜೋಪಾನ ಮಾಡ್, ಇಲ್ಲದಿದ್ದರೆ ಅವು ಎಲ್ಲಿ ಇದ್ದೊಳೊ ಅಲ್ಲಿ ಒಂದ್ ತುತ್ತು ಕೊಡ್ ಅಂತ ಕೇಳ್ದೆ. ಅಷ್ಟೇ ಕೇಳ್ದೆ,” ಎಂದರು.

ನಾನು ಕೈ ತೊಳೆದು ಸೈಕಲ್ಲು ಹತ್ತಿದೆ. ಆ ದಾರಿಯಲ್ಲಿ ಏರು ಹೆಚ್ಚು. ಕಣ್ಣಿಗೆ ನೀರು ಬಂದದ್ದು ಏರಿನ ಕಾರಣದಿಂದ ಎಂದು ಆಗ ತೀರ್ಮಾನಿಸಿದ್ದೆ.

ಆಣೆ ಹಾಕಿದ್ದು ಕುಶಾಲಪ್ಪನ ವಿಷಯವನ್ನು ಮನೆಯವರಿಗೆ ಹೇಳುವುದಿಲ್ಲವೆಂದು. ಮನೆಯ ವಿಷಯವನ್ನು ಕುಶಾಲಪ್ಪನಿಗೆ ಹೇಳಬಾರದೆಂಬ ಕರಾರಿರಲಿಲ್ಲ. ಮರುದಿನವೇ ಕಣಕ್ಕೆ ಹೋಗಿ ಎಲೆಯ ವಿಷಯ ಹೇಳಿದೆ. ಅವನು ಕಾಫಿ ಕೆದಕುತ್ತಲೇ ಇದ್ದ. ಹಲಗೆ ನಿಂತಿತು.

“ತುದಿ ಎಡಕ್ಕಾ?”

“ಎಡಕ್ಕೆ.”

“ವರ್ಷವೂವಾ?”

“ವರ್ಷವೂ. ನಿಮ್ಮಣ್ಣ ತಿರುಗಿಸ್ತಾರೆ, ಅವರು ಮತ್ತೆ ಮರುವರ್ಷ ಹಾಗೇ ಹಾಕ್ತಾರೆ.”

ಕುಶಾಲಪ್ಪ ಕಣದ ಮಧ್ಯೆ ಒಣಗುತ್ತಿದ್ದ ಕಾಫಿಯ ಮೇಲೆಯೇ ಕುಳಿತುಬಿಟ್ಟ. ಎಸ್ಟೇಟಿನ ದೊರೆ ನೋಡಿದ್ದರೆ ಅಂದೇ ಕೆಲಸ ಹೋಗುತ್ತಿತ್ತು. ಮಡಿಚಿದ ಬೆರಳುಗಳ ಕೈಯಿಂದ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಎಲ್ಲವೂ ಕಾಣುತ್ತಿತ್ತು. ಆಮೇಲೆ ಕೈ ತೆಗೆದು, “ಹಂಗಾರೆ ಹೋಕು ಸಾರ್,” ಎಂದ. ಹೋಗಬೇಕು.

ಹೋಗುವುದೆಂದರೆ ಬಸ್ಸು ಹತ್ತಿ ಹೋಗುವುದಲ್ಲ. ಡಾಕ್ಟರೂ ನಾನೂ ಮೊದಲು ಸೋಮಯ್ಯನವರ ಮನೆಗೆ ಹೋದೆವು. ಡಾಕ್ಟರು ರೋಗಾಣುಗಳ ಬಗ್ಗೆ ಸಿದ್ಧಪಡಿಸಿಕೊಂಡು ಬಂದ ಭಾಷಣವನ್ನು ಪೂರ್ತಿ ಹೇಳಿದರು. ಸೋಮಯ್ಯ ಕಂಬ ಹಿಡಿದು ನಿಂತಿದ್ದರು. ಒಳಗೆ ತಾಮ್ರದ ಚೆಂಬೊಂದು ಬಿದ್ದ ಸದ್ದಾಯಿತು. ಬಿದ್ದ ಚೆಂಬನ್ನು ಯಾರೂ ಎತ್ತಲಿಲ್ಲ.

“ರೋಗದ ಮಾತ್ ಬಿಡಿ ಡಾಕ್ಟ್ರೇ,” ಎಂದರು ಸೋಮಯ್ಯ ಕೊನೆಗೆ. “ಅವ ನನ್ನ ಬೆನ್ನಿಗೆ ಬಿದ್ದವ. ರೋಗ ಇದ್ದರೂ ಆಯ್ತು. ಆದ್ರೆ ಅವಂಗೆ ಕೊಳ್ಳಿ ಇಟ್ಟವ ನಾನೇ. ಹನ್ನೊಂದು ವರ್ಷ ಹಿರಿಯರ ಸಾಲಲ್ಲಿ ಉಣ್ಸಿಯೊಳೆ. ಸತ್ತವನ್ನ ಹೆಬ್ಬಾಗ್ಲಲ್ಲಿ ಒಳಗೆ ಕರ್ಕಂಬದು ಹೆಂಗೆ? ಆ ಕಡೆ ಸೇರ್ಸಿದವನ್ನ ಈ ಕಡೆಗೆ ತರಿಕೆ ನಂಗೆ ಗೊತ್ತಿಲ್ಲೆ. ಗೊತ್ತಿದ್ದರೆ ಈಗಲೇ ಓಡಿ ಹೋಗಿ ಹೊತ್ಕಂಡ್ ಬರ್ತಿದ್ದೆ.”

ಸೂಕ್ಷ್ಮದರ್ಶಕಕ್ಕೆ ಕಾಣದ ರೋಗ ಇದೇ. ಡಾಕ್ಟರು ಪೇಟ ತೆಗೆದು ತಲೆ ಕೆರೆದುಕೊಂಡರು. ನಾನು ಅವರ ತಲೆ ನೋಡಿದ್ದು ಅದೇ ಮೊದಲು, ಅದೇ ಕೊನೆ.

ದಾರಿ ತೋರಿಸಿದವರು ಸೋಮಯ್ಯ ಮನೆಗೆ ಕರೆಸಿದ ಹೊಳೆಯಾಚೆಯ ಭಟ್ಟರು. ವಯಸ್ಸಾದವರು, ಕಿವಿ ಮಂದ. ಎಲ್ಲ ಕೇಳಿ, ಎರಡು ಸಲ ಕೇಳಿ, “ಶಾಸ್ತ್ರದಲ್ಲಿ ದಾರಿ ಉಂಟು ಮಾರಾಯ್ರೇ. ತಿಥಿಯಾದವ ತಿರುಗಿ ಬಂದರೆ ಅವನನ್ನು ಪುನಃ ಹುಟ್ಟಿಸಬೇಕು,” ಎಂದರು. ದೊಡ್ಡ ಹಂಡೆಯ ನೀರಿಗೆ ತುಪ್ಪ ಬಿಟ್ಟು ಅದರಲ್ಲಿ ಅವನನ್ನು ಕೂರಿಸುವುದು. ಅದು ಗರ್ಭ. ಎದ್ದು ಹೊರಬಂದರೆ ಅದು ಜನನ. ಆಮೇಲೆ ನಾಮಕರಣ. ಆಮೇಲೆ, ಹೆಂಡತಿಯಿದ್ದರೆ, ಅವಳೊಡನೆ ಪುನಃ ಮದುವೆ.

“ಹೆಂಡ್ತಿ ಉಟ್ಟು,” ಎಂದು ಒಳಗಿನಿಂದ ಪೂವಕ್ಕನ ದನಿ ಬಂತು. ಆ ದಿನ ಆಕೆ ಆಡಿದ ಮಾತು ಅದೊಂದೇ.

ಕಡೆಯ ಹುಡುಗಿಯ ಮದುವೆ ಮುಗಿಯುವವರೆಗೆ ಕಾಯೋಣವೆಂದು ಕುಶಾಲಪ್ಪನೇ ಹಟ ಹಿಡಿದ. ಅದಕ್ಕೆ ಇನ್ನೊಂದು ವರ್ಷ ಹೋಯಿತು. ಆ ವರ್ಷ ಹಿರಿಯರಿಗೆ ಬಡಿಸಿದಾಗ ಅವನ ಎಲೆಯನ್ನು ಹಾಕಲೇ ಇಲ್ಲವಂತೆ. ಸಾಲಿನಲ್ಲಿ ಜಾಗ ಬಿಟ್ಟಿದ್ದರಂತೆ. ಬಸ್ಸಿನಲ್ಲಿ ಟವೆಲು ಹಾಕಿ ಸೀಟು ಹಿಡಿದ ಹಾಗೆ, ಎಂದು ಸೋಮಯ್ಯ ಆಮೇಲೆ ಹೇಳಿದರು.

ಜನನದ ದಿನ ಇಲಾಖೆಯ ಪರವಾಗಿ ಡಾಕ್ಟರೂ ನಾನೂ ಹಾಜರಿದ್ದೆವು. ಅಂಗಳದಲ್ಲಿ ಹಂಡೆ. ಚಳಿಗಾಲವೆಂದು ಯಾರೋ ಅನುಕಂಪದಿಂದ ನೀರು ಕಾಯಿಸಿದ್ದರು, ಚೆನ್ನಾಗಿಯೇ ಕಾಯಿಸಿದ್ದರು. ಕುಶಾಲಪ್ಪ ಕಾಲಿಡಲು ಹೋದವನು ಆವಿಯನ್ನು ಕಂಡರೂ ಹಿಂಜರಿಯಲಿಲ್ಲ, ಅವನ ಕಾಲಿಗೆ ಬಿಸಿ ತಿಳಿಯುವುದಿಲ್ಲವಲ್ಲ. ಡಾಕ್ಟರು ಬೆತ್ತ ಬಿಸಾಡಿ ಓಡಿ ಬಂದು, “ನಿಲ್ಲಿಸ್ರಯ್ಯಾ! ಹುಟ್ಟೋಕೆ ಮುಂಚೆ ಬೇಯಿಸಿಬಿಡ್ತೀರಾ!” ಎಂದು ಕೋಟಿನ ತೋಳು ಮಡಿಚಿ ಮೊಣಕೈಯನ್ನು ನೀರಿನಲ್ಲಿ ಅದ್ದಿ ನೋಡಿದರು. ಕೊಡಪಾನ ಕೊಡಪಾನ ತಣ್ಣೀರು ಸುರಿಸಿದರು. ಹಸುಗೂಸಿನ ಸ್ನಾನಕ್ಕೆ ಹದ ನೋಡುವ ಅಜ್ಜಿಯ ಹಾಗೆ ಮತ್ತೆ ಅದ್ದಿ, “ಹ್ಞೂಂ, ಈಗ ಹುಟ್ಟಲಿ,” ಎಂದರು.

ಕುಶಾಲಪ್ಪ ಹುಟ್ಟಿದ. ತಲೆಯಿಂದ ತುಪ್ಪದ ನೀರು ಸುರಿಸುತ್ತ, ನರೆತ ಗಡ್ಡದ ಶಿಶುವೊಂದು ಹಂಡೆಯಿಂದ ಎದ್ದು ನಿಂತಿತು. ಹೆಂಗಸರು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದರು. ಹೊಸಕೂಸನ್ನು ಮೊರದಲ್ಲಿ ಮಲಗಿಸಬೇಕು. ಮೊರ ಸಣ್ಣದು. ಭಟ್ಟರು ಶಾಸ್ತ್ರವನ್ನು ಸ್ವಲ್ಪ ಹಿಗ್ಗಿಸಿ, ಪಾದಗಳನ್ನು ಮೊರದಲ್ಲಿಟ್ಟರೆ ಸಾಕೆಂದರು. ಹೆಸರಿಡಲು ಸೋಮಯ್ಯ ತಮ್ಮನ ಕಿವಿಯ ಬಳಿ ಬಗ್ಗಿದರು. ಮೂರು ಸಲ ಹೆಸರು ಹೇಳಬೇಕು. ಒಂದು ಸಲ ಹೇಳಿದರು, ಎರಡನೆಯದು ಅರ್ಧಕ್ಕೆ ನಿಂತಿತು. ಮೂರನೆಯದಕ್ಕೆ ದನಿ ಬಾರದೆ ತಮ್ಮನ ಒದ್ದೆ ತಲೆಯನ್ನು ಎದೆಗೆ ಒತ್ತಿಕೊಂಡರು. “ಹೇಳಿದ್ದು ಕೇಳಿತಾ?” ಎಂದು ಮಂದಕಿವಿಯ ಭಟ್ಟರು ಗಟ್ಟಿಯಾಗಿ ಕೇಳಿದರು. “ಕೇಳಿತ್,” ಎಂದ ಕುಶಾಲಪ್ಪ, ಎದೆಯೊಳಗಿನಿಂದಲೇ.

ಆಮೇಲೆ ಮದುವೆ. ಪೂವಕ್ಕನನ್ನು ಹೊಸ ಸೀರೆ ಉಡಿಸಿ ಕರೆತಂದರು. ಎದುರೆದುರು ನಿಲ್ಲಿಸಿದಾಗ ಇಬ್ಬರೂ ಒಬ್ಬರನ್ನೊಬ್ಬರು ಗುರುತು ಹಿಡಿಯಲು ಹೊತ್ತು ತೆಗೆದುಕೊಂಡರು. ಹೋದದ್ದು ಬರಿಯ ವರ್ಷಗಳಲ್ಲ, ಮುಖಗಳೂ ಹೋಗಿದ್ದವು. “ತೆಳ್ಳಗೆ ಆಗೊಳ,” ಎಂದ ಕುಶಾಲಪ್ಪ, ಯಾರಿಗೂ ಅಲ್ಲದೆ. “ನೀವೇನ್ ದಪ್ಪ ಆಗೊಳೊ?” ಎಂದರು ಪೂವಕ್ಕ.

ಕರಿಮಣಿ ಕಟ್ಟುವಾಗ ತೊಡಕು ಬಂತು. ಮಡಿಚಿದ ಬೆರಳಿಗೆ ದಾರದ ಗಂಟು ಹಾಕಲು ಬರಲಿಲ್ಲ. ದಾರ ಜಾರುವುದು, ಅವನು ಹಿಡಿಯುವುದು, ಮತ್ತೆ ಜಾರುವುದು. ದಾರ ಕೈಯಲ್ಲಿದೆಯೋ ಇಲ್ಲವೋ ಎಂಬುದೂ ಅವನಿಗೆ ಕಣ್ಣಿನಿಂದ ನೋಡಿದರೆ ಮಾತ್ರ ತಿಳಿಯುತ್ತಿತ್ತು. ಆಗ ಪೂವಕ್ಕ ತಲೆ ಬಗ್ಗಿಸಿದಂತೆಯೇ ತಮ್ಮ ಎರಡು ಕೈಗಳನ್ನು ಕತ್ತಿನ ಹಿಂದಕ್ಕೆ ಒಯ್ದು, ಅವನ ಬೆರಳುಗಳನ್ನು ದಾರದ ಜೊತೆಗೇ ಹಿಡಿದು ಗಂಟು ಬಿಗಿಯತೊಡಗಿದರು.

“ಅದು ವಧು ಮಾಡುವ ಕೆಲಸ ಅಲ್ಲಮ್ಮಾ,” ಎಂದರು ಭಟ್ಟರು.

“ಇಷ್ಟು ವರ್ಷ ನಾನೊಬ್ಳೇ ಹಿಡ್ಕಂಡಿದ್ದೆ ಭಟ್ರೇ. ಒಂದ್ ಗಂಟ್ ಹಾಕಿಕೆ ಆಗದಾ?”

ಭಟ್ಟರಿಗೆ ಕಿವಿ ಮಂದವಷ್ಟೇ. ಆ ಮಾತು ಮಾತ್ರ ಕೇಳಿಸಿರಬೇಕು. ಮಂತ್ರ ಮುಂದುವರಿಸಿದರು.

ಹಿಂತಿರುಗುವಾಗ ಜೀಪಿನಲ್ಲಿ ಡಾಕ್ಟರು ಮಡಿಚಿದ ಕೋಟಿನ ತೋಳನ್ನು ಬಿಡಿಸಿಕೊಂಡರು. ಮಡಿಕೇರಿಯ ಏರಿನಲ್ಲಿ, “ಆ ಬೇರೆ ಇಲಾಖೆ ಕೆಲಸ ಮಾಡುತ್ತೆ ಕಣಯ್ಯಾ,” ಎಂದರು. “ನಿಧಾನ. ಕೊಡೋದೂ ಕಡಿಮೆ. ಆದರೆ ಕಚೇರಿ ಮುಚ್ಚಿಲ್ಲ.”

ಕೊಟ್ಟದ್ದು ಕಡಿಮೆ ಎಂಬುದು ನಿಜ. ಇದನ್ನು ಹೊಸಬರಾದ ನೀವು ತಿಳಿದಿರಬೇಕು. ಕುಶಾಲಪ್ಪನ ಬೆರಳು ನೆಟ್ಟಗಾಗಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಆ ವಯಸ್ಸನ್ನು ಹೊಳೆಯೇ ತೆಗೆದುಕೊಂಡು ಹೋಗಿತ್ತು. ಊರಿನಲ್ಲಿ ಕೆಲವರು ಕಡೆಯವರೆಗೂ ಅವರ ಮನೆಯಲ್ಲಿ ನೀರು ಮುಟ್ಟಲಿಲ್ಲ. ಒಮ್ಮೆ ಈ ಬಗ್ಗೆ ಪೂವಕ್ಕನ ಬಳಿ ನಾನು ದೇವರ ಮೇಲೆ ಸಣ್ಣದೊಂದು ದೂರು ಹೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದರು. “ತಕಂಡದ್ದಷ್ಟೂ ಕೊಟ್ಟಿಲ್ಲೆ ಸಾರ್. ಆದ್ರೆ ಇವು ಈಗ ಅಂಗಿ ಬಿಚ್ಚಿ ಎಲ್ಲೆಲ್ಲೋ ಬಿಸಾಕ್ತೊಳೊ. ಬಯ್ಯಿಕೆ ನಂಗೆ ಒಂದ್ ಜನ ಉಟ್ಟು. ಇಷ್ಟೂ ಕೊಡದಿದ್ದರೆ ಕೇಳುವವ್ರು ಯಾರಿದ್ದೊ?” ಎಂದರು. ದೂರನ್ನು ನಾನು ಅಲ್ಲಿಯೇ ಹಿಂತೆಗೆದುಕೊಂಡೆ.

ಸುಮಾರು ಆರು ವರ್ಷ ಹಾಗೆ ನಡೆಯಿತು. ಒಂದು ಮಳೆಗಾಲ ಗದ್ದೆಯಲ್ಲಿ ಕುಶಾಲಪ್ಪನ ಪಾದಕ್ಕೆ ಬಿದಿರಿನ ಸೀಳು ಹೊಕ್ಕಿತು. ನೋವು ತಿಳಿಯದೆ ಇಡೀ ದಿನ ಉತ್ತ. ನಾಟಿಯ ದಿನಗಳು, ಹೊಳೆ ದಾರಿ ಮುಚ್ಚಿತ್ತು. ವಿಷಯ ನನಗೆ ಮುಟ್ಟುವಷ್ಟರಲ್ಲಿ ಕಾಲು ಬಾತು, ವಿಷ ಮೈಗೇರಿತ್ತು. ಮಡಿಕೇರಿಯ ಆಸ್ಪತ್ರೆಗೆ ಒಯ್ದರು. ಇನ್ನೂ ಕೆಲಸದಲ್ಲಿದ್ದ ನಮ್ಮ ಡಾಕ್ಟರು ಬೆತ್ತವನ್ನು ಗೋಡೆಗೆ ಒರಗಿಸಿ ಮೂರು ದಿನ ಅಲ್ಲಿಯೇ ಕುಳಿತರು. ರೋಗವನ್ನು ನಿಲ್ಲಿಸಿದ್ದೆವು. ಅದು ಬಿಟ್ಟುಹೋದ ಮರಗಟ್ಟಿದ ಪಾದವೊಂದು ಕಾದು ಕುಳಿತು ಅವನನ್ನು ಒಯ್ದಿತು. ಆದ್ದರಿಂದ ಹೊಸಬರಿಗೆ ನಾನು ಹೇಳುವ ಮಾತು: ಮಾತ್ರೆ ಕೊಟ್ಟು ಬರಬೇಡಿ, ಪ್ರತಿಸಲ ಪಾದ ಎತ್ತಿಸಿ ನೋಡಿ. ಅವರಿಗೆ ನೋವಾಗುವುದಿಲ್ಲ. ನೋವನ್ನು ನೀವೇ ನೋಡಿ ಹುಡುಕಬೇಕು.

ಎರಡನೆಯ ಸಲದ ತಿಥಿಗೆ ನನ್ನಿಂದ ಹೋಗಲಾಗಲಿಲ್ಲ, ಅಥವಾ ಹೋಗಲಿಲ್ಲ. ಆ ವರ್ಷ ಹಿರಿಯರಿಗೆ ಬಡಿಸುವ ದಿನ ಮಾತ್ರ ಸೋಮಯ್ಯ ಆಳನ್ನು ಕಳಿಸಿ ಕರೆಸಿಕೊಂಡರು. ಅದೇ ಜಗಲಿ, ಅದೇ ತೆರೆದ ಬಾಗಿಲು. ಪೂವಕ್ಕ ಎಲೆ ಹಾಕುತ್ತ ಸಾಲಿನ ಕೊನೆಗೆ ಬಂದರು. ಸೋಮಯ್ಯ ಎಂದಿನಂತೆ ಎದ್ದು ಬಾಗಿಲಿಗೆ ಹೋದರು. ಎಂದಿನಂತೆ ಬಾಯಿ ತೆರೆದರು.

ಎಲೆಯ ತುದಿ ಬಲಕ್ಕಿತ್ತು.

“ಸರಿಯಾಗೇ ಬಿದ್ದುಟ್ಟು ಭಾವ,” ಎಂದರು ಪೂವಕ್ಕ, ತಲೆ ಎತ್ತದೆ. “ಈ ಸಲ ಅವು ನಂಗೆ ಹೇಳಿಯೇ ಹೋದ್ದು.”

ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕುಳಿತೆವು. ಯಾವಾಗಲೂ ಕಾಯುವಷ್ಟು ಹೊತ್ತು ಆಯಿತು. ಸೋಮಯ್ಯ ಕೆಮ್ಮಲಿಲ್ಲ. ಇನ್ನೂ ಸ್ವಲ್ಪ ಹೊತ್ತಾಯಿತು. ಮಕ್ಕಳು ಹಸಿದು ಚಡಪಡಿಸತೊಡಗಿದವು. ನಾನು ಸೋಮಯ್ಯನವರ ಮುಖ ನೋಡಿದೆ.

“ಇರಿ ಸಾರ್,” ಎಂದರು ಸೋಮಯ್ಯ. “ಅವಂಗೆ ಬೆರಳು ಸರಿ ಇಲ್ಲೆ. ಉಣ್ಣದು ನಿಧಾನ.”